ತುಕ್ಕಿನ ಕೆಳಗಿನ ಅಕ್ಷರ: ಮನೆತನದ ಕೋವಿಯೊಂದರ ಜೀರ್ಣೋದ್ಧಾರದ ಪ್ರಶ್ನೆ

ಕಳೆದ ವರ್ಷ ಮಳೆಗಾಲದ ನಡುವೆ, ಹಿಂದೆ ನನ್ನ ತರಗತಿಯಲ್ಲಿ ಓದಿದ್ದ ಕೊಡಗಿನ ಶಿಷ್ಯರೊಬ್ಬರು ಮನೆಗೆ ಬಂದು ಕೆಲವು ಛಾಯಾಚಿತ್ರಗಳನ್ನು ಮೇಜಿನ ಮೇಲೆ ಹರಡಿದರು. ಅವರ ಐನ್‌ಮನೆಯ ಅಟ್ಟದಲ್ಲಿ ದೊರೆತ ಹಳೆಯ ಕೋವಿಯೊಂದರ ಚಿತ್ರಗಳವು. ನಳಿಗೆಯ ಉದ್ದಕ್ಕೂ ಕಂದು ತುಕ್ಕು. ಮರದ ಹಿಡಿಯ ಕತ್ತಿನಲ್ಲಿ ಸೀಳು; ಆ ಸೀಳಿಗೆ ಯಾರೋ ಎಂದೋ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿ ಬಿಗಿದಿದ್ದಾರೆ. ನಳಿಗೆಯ ಬುಡದಲ್ಲಿ, ತುಕ್ಕು ಸ್ವಲ್ಪ ತೆಳುವಾಗಿರುವೆಡೆ, ಚುಕ್ಕೆ ಚುಕ್ಕೆಯಾಗಿ ಬಡಿದು ಮೂಡಿಸಿದ ಏನೋ ಬರಹವಿದೆ. ಕನ್ನಡ ಅಕ್ಷರಗಳೆಂದು ತೋರುತ್ತದೆ, ಆದರೆ ಓದಲಾಗುವುದಿಲ್ಲ.

ಒಕ್ಕದಲ್ಲಿ ಮೂರು ಅಭಿಪ್ರಾಯಗಳಿದ್ದವು. ಪಟ್ಟೆದಾರರಾದ ಹಿರಿಯರಿಗೆ ಆ ಕೋವಿಯನ್ನು ದುರಸ್ತಿ ಮಾಡಿಸಿ ಮುಂಬರುವ ಕೈಲ್‌ಮುಹೂರ್ತದ ದಿನ ಅದರಿಂದಲೇ ಗುಂಡು ಹಾರಿಸಬೇಕೆಂಬ ಆಸೆ. ಬೆಂಗಳೂರಿನಲ್ಲಿ ನೆಲೆಸಿರುವ ಕಿರಿಯರಿಗೆ ಅದನ್ನು ಕನ್ನಡಿಯಂತೆ ಹೊಳಪಿಸಿ, ಹೊಸ ಹಿಡಿ ಹಾಕಿಸಿ ಗೋಡೆಗೆ ತೂಗುಹಾಕುವ ಉತ್ಸಾಹ. ನನ್ನ ಶಿಷ್ಯರಿಗೆ ಮಾತ್ರ ಅದನ್ನು ಮುಟ್ಟದೆ ಇರುವುದೇ ಲೇಸೆಂಬ ಅಳುಕು. "ಹಳೆಯ ಪ್ರತಿಯನ್ನು ತಿದ್ದುವ ಮೊದಲು ಹತ್ತು ಸಲ ಯೋಚಿಸಬೇಕು ಎಂದು ನೀವೇ ಪಾಠ ಹೇಳಿದ್ದಿರಿ ಸರ್. ಇದಕ್ಕೂ ಅದೇ ನಿಯಮವೇ?" ಎಂಬುದು ಅವರ ಪ್ರಶ್ನೆ.

ನಾನು ಶಸ್ತ್ರತಜ್ಞನಲ್ಲ. ಆದರೂ ಆ ಪ್ರಶ್ನೆಯನ್ನು ಹಾಗೆಯೇ ಬಿಡಲಾಗಲಿಲ್ಲ. ಅದಕ್ಕೆ ಒಂದು ಸ್ವಂತ ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಪದಗಳ ಮಾತು. ಆಯುಧವೊಂದು ನಮ್ಮ ನಾಡಿಗೆ ಬಂದ ದಾರಿಗಳನ್ನು ಅದರ ಹೆಸರುಗಳೇ ಹೇಳುತ್ತವೆ. 'ತುಪಾಕಿ' ತುರ್ಕಿ ಮೂಲದ ಪದ. ಮಲಯಾಳದ 'ತೋಕ್ಕ್', ಕೊಡವ ಭಾಷೆಯ 'ತೋಕ್' ಇವು ಅದೇ ಪದದ ಸವೆದ ರೂಪಗಳು. 'ಬಂದೂಕು' ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು. ಮೂಲದಲ್ಲಿ ಅದಕ್ಕೆ ಸಣ್ಣ ಉಂಡೆಯೆಂಬ ಅರ್ಥವಿತ್ತು. ಮಲೆನಾಡಿನಲ್ಲಿ ಇಂದಿಗೂ ಬಾಯಿಗೆ ಬರುವುದು 'ಕೋವಿ'. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಓದಿದವರಿಗೆ ಮಲೆನಾಡಿನ ಮನೆಗಳಲ್ಲಿ ಅದಕ್ಕಿದ್ದ ಸ್ಥಾನ ತಿಳಿದೇ ಇದೆ. ನೇಗಿಲು, ಕತ್ತಿ, ಕೋವಿ ಇವು ಅಲ್ಲಿ ಒಂದೇ ಗೋಡೆಯ ಒಡನಾಡಿಗಳು.

ಕೊಡಗಿನಲ್ಲಿ ಕೋವಿಯ ಸ್ಥಾನ ಇದಕ್ಕಿಂತಲೂ ಮಿಗಿಲು. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಅಲ್ಲಿಯದು. ಪುತ್ತರಿಯಂದು ಕದಿರು ಕೊಯ್ಯುವ ಗಳಿಗೆಯಲ್ಲಿಯೂ ಗುಂಡಿನ ಸದ್ದು ಕೇಳಬೇಕು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಮುಹೂರ್ತದಲ್ಲಿ ಮನೆಯ ಆಯುಧಗಳನ್ನೆಲ್ಲ ಶುಚಿಗೊಳಿಸಿ ಕನ್ನಿಕೋಂಬರೆಯಲ್ಲಿಟ್ಟು, ಗೌರಿಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ; ಆ ಹೂವಿಗೆ ಕೊಡವರು ಇಟ್ಟಿರುವ ಹೆಸರೇ 'ತೋಕ್ ಪೂ', ಅಂದರೆ ಕೋವಿಯ ಹೂ. ಕೊಡವರ ಆಚಾರವಿಚಾರಗಳನ್ನು ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿ 'ಪಟ್ಟೋಲೆ ಪಳಮೆ'ಯಲ್ಲಿ ಕನ್ನಡ ಲಿಪಿಯಲ್ಲಿ ದಾಖಲಿಸಿಕೊಟ್ಟಿರುವುದು ಸಂಶೋಧಕರಿಗೆಲ್ಲ ತಿಳಿದ ವಿಷಯ. ಆದ್ದರಿಂದ ಆ ಹಿರಿಯರ ಆಸೆಯನ್ನು ಬರಿಯ ಶೋಕಿ ಎನ್ನಲಾಗದು. ಹುಟ್ಟುಸಾವುಗಳನ್ನು ಸಾರುವ ಒಂದು ಬಾಯಿ ಮೂಕವಾಗಿದೆ, ಅದಕ್ಕೆ ಮತ್ತೆ ಮಾತು ಬರಿಸಬೇಕು ಎಂಬುದು ಅವರ ಭಾವ.

ಆದರೆ ಹಳೆಯ ಕೋವಿಯೊಂದು ಕೊಡಗಿನ ಅಟ್ಟದಲ್ಲಿ ಉಳಿದಿದೆ ಎಂಬುದೇ ಒಂದು ಚಾರಿತ್ರಿಕ ಸಂಗತಿ. ನಮ್ಮ ನಾಡಿನ ಬೇರೆ ಭಾಗಗಳ ಮನೆಗಳಲ್ಲಿ ಅದು ಇಷ್ಟು ಸುಲಭವಾಗಿ ಉಳಿಯುವಂತಿರಲಿಲ್ಲ. ಇದನ್ನು ತಿಳಿಯಬೇಕಾದರೆ ಕೊಡಗನ್ನು ಬಿಟ್ಟು ಸ್ವಲ್ಪ ಉತ್ತರಕ್ಕೆ, ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಗೆ ಹೋಗಬೇಕು.

1857ರಲ್ಲಿ ಕಂಪನಿ ಸರ್ಕಾರ ಜನರ ಕೈಯಲ್ಲಿರುವ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಅದಕ್ಕೆ ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಒಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಒಪ್ಪಿಸಿದಂತೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದಿತು, ಊರಿಗೆ ಬೆಂಕಿ ಬಿದ್ದಿತು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಮಂದಿಯನ್ನು ಡಿಸೆಂಬರ್ ತಿಂಗಳಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ಈ ದುರಂತವನ್ನು ಹಾಡಿದ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದನು. ನಮ್ಮ ವಿದ್ಯಾರ್ಥಿಗಳು ಅದನ್ನು ಶಾಲೆಯ ಪಠ್ಯದಲ್ಲಿಯೇ ಓದಿ ಬಂದಿರುತ್ತಾರೆ. ಶಾಸನಗಳನ್ನು ಓದಿದ ಅಧಿಕಾರಿಯೇ ತನ್ನ ಸರ್ಕಾರದ ವಿರುದ್ಧ ಎದ್ದವರ ಹಾಡನ್ನೂ ಬರೆದಿಟ್ಟನೆಂಬುದು ವಸಾಹತು ಕಾಲದ ವಿಚಿತ್ರಗಳಲ್ಲೊಂದು.

ಕೊಡಗಿನ ಕಥೆ ಇದಕ್ಕೆ ತೀರ ವಿರುದ್ಧವಾದುದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿಯು ಕೊಡಗನ್ನು ವಶಪಡಿಸಿಕೊಂಡಿತು. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ಅಮರ ಸುಳ್ಯದ ದಂಗೆಯನ್ನು ಅಡಗಿಸುವಲ್ಲಿ ನೆರವಾದ ಕೊಡಗರಿಗೆ ಚಿನ್ನ ಬೆಳ್ಳಿಯ ಪದಕಗಳು ದೊರೆತವು. 1857ರ ಕ್ಷೋಭೆಯ ಕಾಲದಲ್ಲಿ ತೋರಿದ ನಿಷ್ಠೆಯನ್ನು ಮೆಚ್ಚಿ 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ಕೊಡಗರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಹೊರಗಿಟ್ಟನು. ಸ್ವತಂತ್ರ ಭಾರತದಲ್ಲಿಯೂ ಈ ವಿನಾಯಿತಿ ಮುಂದುವರಿಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೆಯ ಕಲಮಿನ ಅಡಿಯಲ್ಲಿ 1963ರಲ್ಲಿ ಹೊರಟ ಅಧಿಸೂಚನೆಯು ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಅನ್ವಯಿಸಿತು. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಮನಸ್ಸು ಹಗುರವಾಗುವುದಿಲ್ಲ. ನಾಲ್ಕೇ ವರ್ಷಗಳ ಅಂತರದಲ್ಲಿ ಒಂದೆಡೆ ಆಯುಧ ಕೊಡಲೊಲ್ಲೆನೆಂದವರಿಗೆ ಗಲ್ಲು, ಇನ್ನೊಂದೆಡೆ ಅದೇ ಆಯುಧ ಬಹುಮಾನ. ಹಲಗಲಿಗೆ ಉಳಿದದ್ದು ಲಾವಣಿ, ಕೊಡಗಿಗೆ ಉಳಿದದ್ದು ಕೋವಿ. ಹೀಗೆಂದ ಮಾತ್ರಕ್ಕೆ ಕೊಡಗಿನ ಮನೆತನಗಳ ಹೆಮ್ಮೆಯನ್ನು ಅಲ್ಲಗಳೆದಂತಾಗದು. ರಾಜರ ಕಾಲದಿಂದಲೂ ಆಯುಧ ಅವರ ಬಾಳಿನ ಭಾಗವೇ ಆಗಿತ್ತು. ಕಬ್ಬನ್ ಕೊಟ್ಟದ್ದು ಆಯುಧವನ್ನಲ್ಲ, ಅದನ್ನು ಕಸಿಯದಿರುವ ಭರವಸೆಯನ್ನು. ಆದರೂ ಆ ಅಟ್ಟದ ಕೋವಿ ನಿರ್ದೋಷಿಯಾದ ನೆನಪಿನ ಕಾಣಿಕೆಯಲ್ಲ. ಒಂದು ಸರ್ಕಾರ ಯಾರನ್ನು ನಂಬಿತು, ಯಾರನ್ನು ನಂಬಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಸಾಕ್ಷಿಯನ್ನು ತೊಳೆದು ಹೊಳಪಿಸುವ ಮುನ್ನ ಅದರ ಹೇಳಿಕೆಯನ್ನು ಕೇಳಿಸಿಕೊಳ್ಳಬೇಕಲ್ಲವೆ?

ಕೋವಿಯ ಮೈಮೇಲೆ ಓದಬಹುದಾದದ್ದು ಬಹಳವಿದೆ. ಇಂಗ್ಲೆಂಡಿನಲ್ಲಿ ತಯಾರಾದ ನಳಿಗೆಗಳಿಗೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯಗಳ ಮುದ್ರೆಗಳಿರುತ್ತವೆ. ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಸಿಡಿಯದೆ ಉಳಿದರೆ ಮಾತ್ರ ಒತ್ತುತ್ತಿದ್ದ ಮುದ್ರೆಗಳವು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ಸ್ಥಾಪನೆಯಾದದ್ದು 1813ರಲ್ಲಿ. ಆದ್ದರಿಂದ ಅಲ್ಲಿಯ ಮುದ್ರೆ ಕಂಡರೆ ಕಾಲದ ಒಂದು ಮೇರೆ ತಾನಾಗಿಯೇ ದೊರೆಯುತ್ತದೆ. ಕಂಪನಿಯ ಸೈನ್ಯಕ್ಕೆ ಸೇರಿದ ಕೋವಿಗಳ ಯಂತ್ರದ ತಗಡಿನ ಮೇಲೆ ಕಂಪನಿಯ ಸಿಂಹವಿರುವುದುಂಟು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ತಯಾರಾದ ಕೋವಿಗಳ ಮೇಲೆ ಹುಲಿಪಟ್ಟೆಯ ಅಲಂಕಾರ, ತಯಾರಾದ ಸ್ಥಳ, ಮೌಲೂದಿ ಶಕೆಯ ವರ್ಷ ಇವು ಕಾಣುತ್ತವೆ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ತಿಳಿಯದವರು ಎಡದಿಂದ ಓದಿ ಕಾಲವನ್ನೇ ತಪ್ಪಿಸಿಬಿಡುತ್ತಾರೆ. ಇವೆಲ್ಲ ಕೂದಲೆಳೆಯಷ್ಟು ಆಳದ ಗೆರೆಗಳು. ಒಂದು ಉಪ್ಪುಕಾಗದ, ಅರ್ಧ ಗಂಟೆಯ ಉತ್ಸಾಹ ಸಾಕು, ಎಲ್ಲವೂ ಮಾಯ.

ನಳಿಗೆಯ ಲೋಹವೂ ಒಂದು ಪಠ್ಯವೇ. ಡಮಾಸ್ಕಸ್ ನಳಿಗೆಗಳೆಂದು ಹೆಸರಾದವುಗಳನ್ನು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸಲಾಕೆಯೊಂದರ ಸುತ್ತ ಬಳ್ಳಿಯಂತೆ ಸುತ್ತಿ, ಕಾಸಿ ಬಡಿದು ಬೆಸೆದು ಮಾಡುತ್ತಿದ್ದರು. ಮೇಲ್ಮೈಯಲ್ಲಿ ಕಾಣುವ ಅಲೆಅಲೆಯ ಚಿತ್ತಾರ ಆ ಹುರಿಯ ಗುರುತು. ಉಜ್ಜಿದರೆ ಮೊದಲು ಅಳಿಯುವುದೂ ಅದೇ. (ನಮ್ಮ 'ಉಕ್ಕು' ಎಂಬ ಪದವೇ ಪಾಶ್ಚಾತ್ಯರ ಬಾಯಲ್ಲಿ 'ವೂಟ್ಜ್' ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಮೂಸೆಯಲ್ಲಿ ಕರಗಿಸಿದ ಆ ಉಕ್ಕಿನ ಚಿತ್ತಾರ ಬೇರೆ, ಬೆಸುಗೆಯಿಂದ ಮೂಡಿದ ಈ ಚಿತ್ತಾರ ಬೇರೆ. ಎರಡನ್ನೂ ಡಮಾಸ್ಕಸ್ ಎಂದೇ ಕರೆಯುವುದರಿಂದ ಬರಹಗಳಲ್ಲಿ ಗೊಂದಲ ಮುಂದುವರಿದಿದೆ.)

ನನ್ನ ಶಿಷ್ಯರು ತಂದ ಚಿತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ನಳಿಗೆಯಲ್ಲ, ಅದರ ಪಕ್ಕದ ಯಂತ್ರ. ಈಗ ಅದು ಕೇಪಿನ ಕೋವಿ. ಅಂದರೆ ನಳಿಗೆಯ ಬಾಯಿಂದ ಮದ್ದು ಗುಂಡು ತುಂಬಿ, ಹಿಂಬದಿಯ ತೊಟ್ಟಿನ ಮೇಲೆ ಕೇಪು ಕೂರಿಸಿ, ಕುದುರೆ ಬಡಿದಾಗ ಕಿಡಿ ಹತ್ತುವಂಥದು. ಆದರೆ ಯಂತ್ರದ ತಗಡಿನಲ್ಲಿ ಕೆಲವು ತೂತುಗಳನ್ನು ಲೋಹ ತುಂಬಿ ಮುಚ್ಚಿದ ಗುರುತುಗಳಿವೆ. ಮೊದಲು ಅದು ಚಕಮಕಿ ಕಲ್ಲಿನ ಕೋವಿಯಾಗಿತ್ತು, ಆಮೇಲೆ ಯಾರೋ ಅದನ್ನು ಕೇಪಿಗೆ ಮಾರ್ಪಡಿಸಿದ್ದಾರೆ ಎಂಬುದಕ್ಕೆ ಅವು ಸೂಚನೆ. ಕೇಪಿನ ವಿಧಾನ ಪ್ರಚಾರಕ್ಕೆ ಬಂದದ್ದು 19ನೆಯ ಶತಮಾನದ ಎರಡನೆಯ ಪಾದದಲ್ಲಿ. ಹಳೆಯ ಕೋವಿಗಳನ್ನು ಎಸೆಯದೆ ಹೀಗೆ ಮಾರ್ಪಡಿಸಿಕೊಳ್ಳುವುದು ಎಲ್ಲೆಡೆಯೂ ಇದ್ದ ರೂಢಿ.

ಇಲ್ಲಿಯೇ ಗ್ರಂಥಸಂಪಾದನೆಯ ಪ್ರಶ್ನೆ ಎದುರಾಗುವುದು. ಬೆಂಗಳೂರಿನ ಕಿರಿಯರು ಅಂತರ್ಜಾಲದಲ್ಲಿ ಓದಿ, ಇದನ್ನು 'ಮೂಲರೂಪಕ್ಕೆ', ಎಂದರೆ ಚಕಮಕಿಗೆ ಮರಳಿಸಬೇಕೆಂದು ಹೇಳುತ್ತಿದ್ದರು. ಯಾವ ಮೂಲ? ಚಕಮಕಿಯ ಕಾಲದ್ದು ಒಂದು ಪಾಠ, ಕೇಪಿನ ಕಾಲದ್ದು ಇನ್ನೊಂದು ಪಾಠ, ತಾಮ್ರದ ತಂತಿ ಸುತ್ತಿದವರದು ಮೂರನೆಯದು. ಹಳಗನ್ನಡ ಕಾವ್ಯದ ಪ್ರತಿಗಳನ್ನು ನೋಡಿದವರಿಗೆ ಇದು ಪರಿಚಿತ ಸನ್ನಿವೇಶ. ಕವಿ ಬರೆದ ಱ ಮತ್ತು ೞ ಅಕ್ಷರಗಳ ಜಾಗದಲ್ಲಿ ಕಾಲಾಂತರದ ಲಿಪಿಕಾರರು ರ ಮತ್ತು ಳ ಬರೆದಿರುತ್ತಾರೆ. ಕವಿಯ ಪಾಠವನ್ನು ಊಹಿಸುವ ಸಂಪಾದಕನು ತನ್ನ ಮುದ್ರಿತ ಆವೃತ್ತಿಯಲ್ಲಿ ೞಕಾರವನ್ನು ಮರಳಿ ತರಬಹುದು. ಅದಕ್ಕೆ ಪ್ರಾಸದ ಆಧಾರ, ವ್ಯಾಕರಣದ ಆಧಾರ ಕೊಡಬೇಕು. ಆದರೆ ಅದಕ್ಕಾಗಿ ಯಾವ ಸಂಪಾದಕನೂ ಓಲೆಯ ಮೇಲಿನ ಳಕಾರವನ್ನು ಚಾಕುವಿನಿಂದ ಕೆರೆದು ಹಾಕುವುದಿಲ್ಲ. ಓಲೆ ಇದ್ದ ಹಾಗೆಯೇ ಇರುತ್ತದೆ, ತಿದ್ದುಪಾಟು ಬೇರೆ ಕಾಗದದಲ್ಲಿ ನಡೆಯುತ್ತದೆ. ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿ ಬೆಳೆದ ನನ್ನ ತಲೆಮಾರಿನವರಿಗೆ ಇದು ಮೊದಲ ಪಾಠ. ಕೋವಿಯ ವಿಷಯದಲ್ಲಿ ಇರುವ ತೊಡಕೆಂದರೆ, ಅಲ್ಲಿ ಬೇರೆ ಕಾಗದವಿಲ್ಲ. ತಿದ್ದುವುದೆಲ್ಲ ಓಲೆಯ ಮೇಲೆಯೇ.

ಈಗ ನನ್ನ ಸ್ವಂತ ಕಾರಣವನ್ನು ಹೇಳಬಹುದು. ನನ್ನ ಅಜ್ಜನ ಮನೆ ಮಲೆನಾಡಿನಲ್ಲಿ. ಗದ್ದೆಗೆ ಹಂದಿ ಬಾರದಂತೆ ಕಾಯಲು ಅಲ್ಲೊಂದು ಕೇಪಿನ ಕೋವಿ ಇತ್ತು. ಅಜ್ಜ ಅದನ್ನು ಒರೆಸುತ್ತ ಕುಳಿತಾಗ ನಳಿಗೆಯ ಮೇಲಿನ ಸಣ್ಣ ಗೀರುಗಳ ಸಾಲೊಂದನ್ನು ನನ್ನ ಬೆರಳಿಗೆ ತಾಗಿಸಿ, "ಇದು ನಿನ್ನ ಮುತ್ತಜ್ಜ ಹಾಕಿದ ಲೆಕ್ಕ" ಎನ್ನುತ್ತಿದ್ದರು. ಯಾವುದರ ಲೆಕ್ಕವೆಂದು ನಾನು ಕೇಳಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಪರವಾನಗಿ ತಂದೆಯವರ ಹೆಸರಿಗೆ ಬಂತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಯ್ದು ಒಪ್ಪಿಸುವುದು, ಚುನಾವಣೆ ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಮನೆಯ ಒಂದು ಕೆಲಸವಾಯಿತು. ಒಮ್ಮೆ ಹಾಗೆ ಹಿಂದಿರುಗಿದಾಗ ನಳಿಗೆ ತುಕ್ಕು ಹಿಡಿದಿತ್ತು. ಆಗ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ, ಹಳೆಯದರ ಮೇಲೆ ಅಭಿಮಾನ ಬೇರೆ. ಪರಿಚಯದ ಕಮ್ಮಾರರೊಬ್ಬರಿಗೆ ಕೊಟ್ಟು "ಹೊಸದರ ಹಾಗೆ ಮಾಡಿಕೊಡಿ" ಎಂದೆ. ಅವರು ಮಾತಿಗೆ ತಪ್ಪಲಿಲ್ಲ. ಎರಡು ದಿನಗಳ ನಂತರ ಕೋವಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಗೀರುಗಳಿದ್ದ ಜಾಗದ ಮೇಲೆ ಬೆರಳಾಡಿಸಿದೆ, ನುಣುಪಾಗಿತ್ತು.

ತಪ್ಪು ಅವರದಲ್ಲ, ಕೆಲಸ ಹೇಳಿದವನದು. ಪರವಾನಗಿಯಿಲ್ಲದವರ ಕೈಯಲ್ಲಿ ಬಂದೂಕಿನ ದುರಸ್ತಿ ಮಾಡಿಸುವುದೇ ಕಾನೂನುಬಾಹಿರವೆಂದು ತಿಳಿದದ್ದು ಇನ್ನೂ ತಡವಾಗಿ. ತಂದೆಯವರ ನಂತರ ಆ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟೆವು. ಮುತ್ತಜ್ಜನ ಲೆಕ್ಕ ಹಂದಿಗಳದೋ, ಹುಲಿಗಳದೋ, ಕೊಡಬೇಕಾದ ಸಾಲದ್ದೋ ಇನ್ನು ಯಾರೂ ಹೇಳಲಾರರು. ಓಲೆಗರಿಗೆ ಎಣ್ಣೆ ಹಚ್ಚುವಾಗ ವಿದ್ಯಾರ್ಥಿಗಳ ಕೈ ಸ್ವಲ್ಪ ಒರಟಾದರೂ ನಾನು ಗದರುವುದನ್ನು ಕಂಡು ನಕ್ಕವರಿದ್ದಾರೆ. ಆ ಗದರಿಕೆಯ ಮೂಲ ಇದು.

ಹಾಗಾದರೆ ಹಳೆಯದನ್ನು ಸರಿಪಡಿಸುವುದೇ ತಪ್ಪೆ? ನಮ್ಮ ಪರಂಪರೆ ಹಾಗೆ ಹೇಳುವುದಿಲ್ಲ. ಕನ್ನಡ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ಮುರಿದುದನ್ನು, ಬಿರಿದುದನ್ನು ಸರಿಪಡಿಸುವುದಕ್ಕೆಂದು ಭೂಮಿ ಬಿಟ್ಟರು, ಸುಂಕ ಬಿಟ್ಟರು ಎಂದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಶ್ರವಣಬೆಳಗೊಳದ ಶಾಸನಗಳು ಹೊಗಳುತ್ತವೆ. ಹೊಸದನ್ನು ಕಟ್ಟಿಸಿದ ಪುಣ್ಯಕ್ಕೆ ಅದು ಕಡಮೆಯಾದುದೆಂದು ಆ ಕಾಲದವರು ಎಣಿಸಲಿಲ್ಲ. ಆದರೆ ಅಲ್ಲಿ ಉದ್ಧಾರವಾಗಬೇಕಾದದ್ದು ನಿತ್ಯಪೂಜೆ. ಮಾಡು ಸೋರಿದರೆ, ಗೋಡೆ ಕುಸಿದರೆ ಪೂಜೆ ನಿಲ್ಲುತ್ತದೆ, ಆದ್ದರಿಂದ ದುರಸ್ತಿ. ನಿತ್ಯದ ಕಾರ್ಯ ಮುಂದುವರಿಯಬೇಕಾದ ವಸ್ತುವಿಗೆ ಒಂದು ನ್ಯಾಯ, ಸಾಕ್ಷಿಯಾಗಿ ಉಳಿದ ವಸ್ತುವಿಗೆ ಇನ್ನೊಂದು. ಕೊಡಗಿನ ಆ ಕೋವಿಯ ಕಷ್ಟವೆಂದರೆ ಅದು ಎರಡೂ ಹೌದು. ಹಿರಿಯರ ಕಣ್ಣಿಗೆ ಅದು ಬಸದಿಯಿದ್ದಂತೆ, ನನ್ನ ಶಿಷ್ಯರ ಕಣ್ಣಿಗೆ ಶಾಸನವಿದ್ದಂತೆ.

ಹಿರಿಯರ ಪಕ್ಷವನ್ನು ನಾನು ಮನಸ್ಸಿನಲ್ಲಿ ಬಹಳ ದಿನ ತೂಗಿ ನೋಡಿದೆ. ಅವರಿಗೆ ಉತ್ತರ ದೊರೆತದ್ದು ಇತಿಹಾಸದಿಂದಲ್ಲ, ಮದ್ದಿನ ರಸಾಯನದಿಂದ. ಆ ಕೋವಿ ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಆ ಮಿಶ್ರಣ ಉರಿದಾಗ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿ ನಳಿಗೆಯನ್ನು ಒಳಗಿನಿಂದ ತಿನ್ನುತ್ತದೆ. ಕೊಡಗಿನ ಮಳೆಗೆ ಅದು ಎಷ್ಟು ತಿಂದಿರಬಹುದೆಂದು ಊಹಿಸಿಕೊಳ್ಳಬಹುದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಕಂಡುಹಿಡಿದ ಹೊಗೆಯಿಲ್ಲದ ಮದ್ದು ಬೇರೆಯೇ ಜಾತಿಯದು. ಅದರ ಒತ್ತಡವನ್ನು ತಾಳುವಂತೆ ಹಳೆಯ ನಳಿಗೆಗಳನ್ನು ಮಾಡಿರಲಿಲ್ಲ. ಹುರಿ ಬೆಸುಗೆಯ ನಳಿಗೆಯಾದರೆ ಬೆಸುಗೆಯ ಸಂದಿನಲ್ಲಿ ಕುಳಿತ ತುಕ್ಕು ಹೊರಗಿನಿಂದ ಕಾಣುವುದೇ ಇಲ್ಲ. ಹೊರಗೆ ಎಷ್ಟು ಹೊಳಪಿಸಿದರೂ ಒಳಗೆ ಅದು ಹಳೆಯದೇ. ಹೊಳಪಿಸಿದ ಕೋವಿ ಹೆಚ್ಚು ಅಪಾಯಕಾರಿ ಎಂದೇ ನನ್ನ ಎಣಿಕೆ, ಏಕೆಂದರೆ ಅದು ಭರವಸೆ ಹುಟ್ಟಿಸುತ್ತದೆ. ನಳಿಗೆ ಸಿಡಿದರೆ ಹೋಗುವುದು ಹಿಡಿದವನ ಎಡಗೈ, ಕೆಲವೊಮ್ಮೆ ಕಣ್ಣು.

ಕಾನೂನಿನ ಸಂಗತಿ ಇದಕ್ಕಿಂತ ಸ್ವಾರಸ್ಯಕರವಾಗಿದೆ. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಕೆಗೆ ಬಾರದಂತಿದ್ದರೆ ಅದಕ್ಕೆ 1959ರ ಕಾಯ್ದೆ ಅನ್ವಯಿಸುವುದಿಲ್ಲವೆಂದು 45ನೆಯ ಕಲಮು ಹೇಳುತ್ತದೆ. 'ದುರಸ್ತಿ ಮಾಡಿದರೂ' ಎಂಬ ಮಾತನ್ನು ಗಮನಿಸಬೇಕು. ದುರಸ್ತಿಯಾಗಬಲ್ಲ ಕೋವಿ, ಇನ್ನೂ ದುರಸ್ತಿಯಾಗದಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಬಂದೂಕೇ. ದುರಸ್ತಿ ಮಾಡುವವರಿಗೂ ಪರವಾನಗಿ ಬೇಕೆಂದು 5ನೆಯ ಕಲಮು ವಿಧಿಸುತ್ತದೆ. ವಿನಾಯಿತಿಯಿಲ್ಲದ ಜಿಲ್ಲೆಗಳಲ್ಲಿ ಇನ್ನೊಂದು ಲೆಕ್ಕವೂ ಇದೆ: 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿಯಿತು, ಹಿರಿಯರಿಂದ ಬಂದದ್ದೂ ಅದರಲ್ಲಿಯೇ ಸೇರುತ್ತದೆ. ಹೀಗಾಗಿ ಬೆಂಗಳೂರಿನ ಗೋಡೆಯ ಮೇಲೆ ಅದನ್ನು ತೂಗುಹಾಕುವುದು ಮೊಳೆ ಹೊಡೆದಷ್ಟು ಸುಲಭವಲ್ಲ. ಅದನ್ನು ಕೊಡಗಿನಿಂದ ಹೊರಗೆ ಒಯ್ಯುವ ಮೊದಲು ಜಿಲ್ಲಾಡಳಿತವನ್ನು ಕೇಳಿ ಲಿಖಿತ ಉತ್ತರ ಪಡೆಯಿರೆಂದು ಹೇಳಿದೆ. ಕಿರಿಯರ ಉತ್ಸಾಹ ಅಲ್ಲಿಗೆ ಅರ್ಧ ಇಳಿಯಿತೆಂದು ಆಮೇಲೆ ತಿಳಿಯಿತು.

ಉಳಿದರ್ಧ ಇಳಿದದ್ದು ಬೇರೊಂದು ಸುದ್ದಿಯಿಂದ. 2019ರ ಮಾರ್ಚಿನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಕುಟುಂಬವೊಂದರ ಅಟ್ಟದಲ್ಲಿ ದೊರೆತ ಟಿಪ್ಪುವಿನ ಶಸ್ತ್ರಗಳು ಹರಾಜಾದವು. ಕಂಪನಿಯ ಅಧಿಕಾರಿಯಾಗಿದ್ದ ಪೂರ್ವಿಕನೊಬ್ಬ 1799ರ ಶ್ರೀರಂಗಪಟ್ಟಣದ ಪತನದ ನಂತರ ಒಯ್ದ ವಸ್ತುಗಳವು. ಅವುಗಳಲ್ಲಿ ಬೆಳ್ಳಿಯ ಅಲಂಕಾರವಿದ್ದ ಚಕಮಕಿ ಕೋವಿಯೊಂದು 60,000 ಪೌಂಡುಗಳಿಗೆ ಹೋಯಿತು. ಯುದ್ಧಭೂಮಿಯಲ್ಲಿ ಪೆಟ್ಟುತಿಂದ ಗುರುತು ಆ ಕೋವಿಯ ಮೇಲೆ ಹಾಗೆಯೇ ಉಳಿದಿತ್ತು. ಅದರ ಮಹತ್ತ್ವವನ್ನು ಹೇಳುವಾಗ ಹರಾಜು ನಡೆಸಿದವರು ಬೆರಳಿಟ್ಟು ತೋರಿದ್ದೂ ಆ ಗಾಯವನ್ನೇ. ಎರಡು ಶತಮಾನಗಳ ಕಾಲ ಆ ಮನೆಯಲ್ಲಿ ಯಾರಿಗೂ ಅದನ್ನು ಸರಿಪಡಿಸುವ ಉತ್ಸಾಹ ಬಾರದಿದ್ದದ್ದು ನಮ್ಮ ಪುಣ್ಯ ಎನ್ನಬೇಕು. ಆ ಕೋವಿ ಶ್ರೀರಂಗಪಟ್ಟಣಕ್ಕೆ ಮರಳಲಿಲ್ಲ ಎಂಬ ಕೊರಗು ಬೇರೆ. ಹಣದ ಮಾತು ಎತ್ತಬಾರದಿತ್ತೇನೋ. ಆದರೆ ಮನೆಯವರೆಲ್ಲರಿಗೂ ಒಮ್ಮೆಗೆ ಅರ್ಥವಾದದ್ದು ಅದೊಂದೇ.

ಕೊನೆಗೆ ನಾನು ಬರೆದು ಕಳುಹಿಸಿದ ಸಲಹೆ ಚಿಕ್ಕದು. ಮೊಟ್ಟಮೊದಲು ಕೋವಿ ತುಂಬಿದೆಯೇ ಎಂದು ಪರವಾನಗಿ ಪಡೆದ ದುರಸ್ತಿಗಾರರಿಂದ ನೋಡಿಸಿ. ಬಾಯಿಂದ ತುಂಬುವ ಹಳೆಯ ಕೋವಿಗಳಲ್ಲಿ ಹಾರಿಸದೆ ಉಳಿದ ಮದ್ದುಗುಂಡು ಎಷ್ಟೋ ವರ್ಷಗಳ ನಂತರವೂ ಸಿಗುವುದುಂಟು. ಗಜವನ್ನು ನಳಿಗೆಯೊಳಗೆ ಬುಡದವರೆಗೆ ಇಳಿಸಿ ಗುರುತು ಹಾಕಿ, ಅನಂತರ ಹೊರಗೆ ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿದರೆ ಒಳಗೆ ಏನಾದರೂ ಕುಳಿತಿದೆಯೇ ಎಂಬುದು ತಿಳಿಯುತ್ತದೆ. ತುಕ್ಕು ಮುಂದುವರಿಯದಂತೆ ತಡೆಯಿರಿ. ಅದನ್ನು ಕಿತ್ತು ತೆಗೆಯಬೇಡಿ. ತಂತಿಯ ಬ್ರಷ್ಷು, ಉಪ್ಪುಕಾಗದ, ಹುಣಸೆಹುಳಿ ಯಾವುದೂ ಬೇಡ. ತೆಳುವಾದ ಎಣ್ಣೆ, ಮೆತ್ತನೆಯ ಬಟ್ಟೆ, ಒಣ ಜಾಗ ಸಾಕು. ತಾಮ್ರದ ತಂತಿಯನ್ನು ಬಿಚ್ಚಬೇಡಿ. ಮತ್ತು ಹಿರಿಯರನ್ನು ಕೂರಿಸಿಕೊಂಡು ಅವರಿಗೆ ನೆನಪಿರುವುದನ್ನೆಲ್ಲ ಬರೆದುಕೊಳ್ಳಿ, ಯಾವ ಸಾವಿಗೆ ಯಾರು ಅದನ್ನು ಹಾರಿಸಿದರು ಎಂಬುದರಿಂದ ಮೊದಲುಗೊಂಡು.

ಹಿರಿಯರು ಮೊದಲು ಒಪ್ಪಲಿಲ್ಲ. "ನನ್ನ ಅಪ್ಪನ ಸಾವಿಗೆ ಹಾರಿಸಿದ ಕೋವಿ ಅದು. ನನಗೆ ಯಾವುದರಲ್ಲಿ ಹಾರಿಸುತ್ತೀರಿ?" ಎಂದು ಕೇಳಿದರಂತೆ. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಸಾಕ್ಷಿಯನ್ನು ಕಾಪಾಡಬೇಕೆಂಬ ನಮ್ಮ ವಿದ್ವತ್ತಿನ ಹಟ, ಬದುಕಿರುವವರ ಸಂಬಂಧವೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತದೆಂಬ ಆಕ್ಷೇಪ ಸುಳ್ಳಲ್ಲ. ಅವರ ಮನಸ್ಸನ್ನು ತಿರುಗಿಸಿದ್ದು ನನ್ನ ಪತ್ರವೂ ಅಲ್ಲ. ದುರಸ್ತಿಗಾರರು ಗಜ ಇಳಿಸಿ ನೋಡಿದಾಗ ಒಳಗೆ ಮೂರು ಬೆರಳಿನಷ್ಟು ಏನೋ ಕುಳಿತಿತ್ತು. ಬಹಳ ಜಾಗರೂಕತೆಯಿಂದ ತೆಗೆದಾಗ ಹೊರಬಂದದ್ದು ಕೊಳೆತ ಬಟ್ಟೆಯ ಚೂರು ಮತ್ತು ಗಟ್ಟಿಕಟ್ಟಿದ ಕರಿಮದ್ದು, ಗುಂಡಿರಲಿಲ್ಲ. ಸದ್ದಿಗಾಗಿ ತುಂಬಿದ್ದು. ಹಿರಿಯರು ಅದನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದು, ಎರಡನೆಯ ಈಡು ಹತ್ತಲಿಲ್ಲವೆಂದು, ಬೇರೆ ಮನೆಯ ಕೋವಿ ತರಿಸಿದ್ದು ತಮಗೆ ಮಸುಕಾಗಿ ನೆನಪಿದೆಯೆಂದು ಹೇಳಿದರಂತೆ. ಆಗ ಅವರು ಹತ್ತು ವರ್ಷದ ಹುಡುಗ.

ಕೈಲ್‌ಮುಹೂರ್ತದ ದಿನ ಆ ಕೋವಿಯನ್ನು ತುಕ್ಕಿನ ಸಮೇತ ಕನ್ನಿಕೋಂಬರೆಯಲ್ಲಿಟ್ಟು ಬಾಯಿಗೆ ಗೌರಿಹೂ ಸಿಕ್ಕಿಸಿದರು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಬೇರೆ ಕೋವಿಗಳು ಬಂದವು. ನಳಿಗೆಯ ಬುಡದ ಬರಹದಲ್ಲಿ ಈವರೆಗೆ ಓದಲು ಬಂದಿರುವುದು ಎರಡು ಅಕ್ಷರ. ಮನೆತನದ ಹೆಸರಿಗೆ ಅವು ಹೊಂದುವುದಿಲ್ಲ. ಬೇರೆ ಒಕ್ಕದಿಂದ ಬಂದದ್ದೋ, ಕಮ್ಮಾರನ ಹೆಸರೋ ತಿಳಿಯದು. ಸವೆದ ಶಾಸನಗಳನ್ನು ಓದುವಾಗ ಮಾಡುವಂತೆ, ಮಳೆ ನಿಂತ ಮೇಲೆ ಬೆಳಗಿನ ಓರೆ ಬಿಸಿಲಿನಲ್ಲಿ ಮತ್ತೊಮ್ಮೆ ಚಿತ್ರ ತೆಗೆದು ಕಳುಹಿಸುವುದಾಗಿ ಶಿಷ್ಯರು ಬರೆದಿದ್ದಾರೆ.